ಸೀಟು ನಮ್ಮದು, ರೊಕ್ಕ ಯಾರ್ದು?



ವಿಜಯಪುರ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಶಹರದವ್ರು, ತಿಕೋಟಾದವ್ರು, ಬಬಲೇಶ್ವರದವ್ರು ಎಲ್ಲಾರೂ ಈ ಸೀಟಿಗೇ ವೋಟ್ ಹಾಕ್ತೀವಿ. 2024ರಾಗ ಗೆದ್ದ ಬಿಜೆಪಿಯ ರಮೇಶ ಜಿಗಜಿಣಗಿ, ಸೋತ ಕಾಂಗ್ರೆಸ್ಸಿನ ರಾಜು ಆಲಗೂರ ಇಬ್ಬರೂ ಪರಿಶಿಷ್ಟ ಜಾತಿಯವರೇ. ಕಾನೂನೇ ಹಂಗೈತಿ. ಆದ್ರ ನನ್ನ ಪ್ರಶ್ನೆ ಬ್ಯಾರೆ: ಸೀಟಿಗೆ ಮೀಸಲಾತಿ ಐತಿ, ಚುನಾವಣಿ ರೊಕ್ಕಕ್ಕ ಐತೇನು?

1932ರಾಗ ಪುಣೆ ಒಪ್ಪಂದಕ್ಕ ಸಹಿ ಹಾಕಬೇಕಾಗಿ ಬಂದ ಬಾಬಾಸಾಹೇಬರು ಮುಂದೆ ಬಿಡದೇ ಹೇಳಿದ್ದು ಇದನ್ನೇ: ಮಂದಿ ವೋಟಿನ ಮ್ಯಾಲ ಗೆದ್ದವ ಮಂದಿ ಮಾತೇ ಕೇಳಬೇಕಾಗ್ತದ. ಅವತ್ತು ವೋಟಿನ ಹಗ್ಗ. ಇವತ್ತು ಅದರ ಜೋಡಿ ರೊಕ್ಕದ ಹಗ್ಗ. ಆ ಹಗ್ಗದ ತುದಿ ಯಾರ ಕೈಯಾಗೈತಿ ಅಂತ ನೋಡೋದು ನಮ್ಮ ಕೆಲಸ ಅಲ್ಲೇನ್ರಿ?

ನೋಡಾಕ ದಾರಿ ಅದಾವ. ಎಡಿಆರ್ ಸಂಸ್ಥೆ ಹೋರಾಡಿ 2002ರಾಗ ಸುಪ್ರೀಂ ಕೋರ್ಟಿನಿಂದ ತೀರ್ಪು ತಂದಿದ್ದಕ್ಕ ಇವತ್ತು ಪ್ರತಿ ಅಭ್ಯರ್ಥಿ ಅಫಿಡವಿಟ್ ಕೊಡಬೇಕು: ಆಸ್ತಿ, ಸಾಲ, ಕೇಸು, ಹೆಂಡತಿ ಹೆಸರಿನ ಹೊಲ, ಸರ್ಕಾರಿ ಗುತ್ತಿಗೆ. ಅದು ಚುನಾವಣಾ ಆಯೋಗದ ವೆಬ್‌ಸೈಟಿನಾಗ ಐತಿ. ಫಲಿತಾಂಶ ಬಂದ 30 ದಿನದೊಳಗ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಹೋಗಬೇಕು. ಸ್ವಂತ ರೊಕ್ಕ ಎಷ್ಟು, ಪಕ್ಷ ಕೊಟ್ಟಿದ್ದೆಷ್ಟು, ಬ್ಯಾರೆಯವ್ರ ದೇಣಿಗೆ-ಸಾಲ ಎಷ್ಟು ಅಂತ ಅದರಾಗ ಬರೀಬೇಕು. ನಿಯಮದ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದ್ರೂ ನೋಡಬಹುದು. ಒಂದು ರೂಪಾಯಿ!

ಲೋಕಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿನೇ ಇಲ್ಲ. ಮನೀಗೆ ಕದ ಹಚ್ಚಿ ಗ್ವಾಡಿ ಬಿಟ್ಟಂಗಾತು. ಆ ಪಕ್ಷದ ರೊಕ್ಕ ಎಲ್ಲಿಂದ ಬರ್ತದ? ಚುನಾವಣಾ ಬಾಂಡ್ ರದ್ದು ಮಾಡಿ 2024ರ ಫೆಬ್ರುವರಿ 15ಕ್ಕ ಕೋರ್ಟು ಪಟ್ಟಿ ಕೇಳಿದಾಗ ಸ್ಟೇಟ್ ಬ್ಯಾಂಕ್ ಜೂನ್ 30ರ ತನಕ ಟೈಮ್ ಕೇಳ್ತು, ಅಂದ್ರ ಎಲೆಕ್ಷನ್ ಮುಗಿಯೋ ತನಕ. ಕೋರ್ಟು ಕೊಡಲಿಲ್ಲ. ಮೊದಲು ಬಂದ ಪಟ್ಟಿ ಎರಡು: ಕೊಂಡವರದೊಂದು, ಪಡೆದ ಪಕ್ಷಗಳದೊಂದು. ಯಾರು ಯಾರಿಗೆ ಕೊಟ್ರು ಅಂತ ತಿಳಿದದ್ದು ಮಾರ್ಚ್ 21ಕ್ಕ ಬಾಂಡ್ ನಂಬರ್ ಹೊರಗ ಬಂದ ಮ್ಯಾಲೇ. ಮುಚ್ಚಿಡೋದು ಅಂದ್ರ ಬರೀ ಬೀಗ ಹಾಕೋದಲ್ಲ, ಜೋಡಿಸಾಕ ಬರದಂಗ ತುಂಡು ಮಾಡಿ ಕೊಡೋದೂ ಹೌದು.

ವಾಲ್ಮೀಕಿ ನಿಗಮದ ಹಗರಣ ನೆನಪೈತಲ್ಲ? ಪರಿಶಿಷ್ಟ ಪಂಗಡದ ಬಂಧುಗಳ ಏಳಿಗೆಗಿಟ್ಟ ರೊಕ್ಕದಾಗ 20 ಕೋಟಿಗೂ ಹೆಚ್ಚು ಬಳ್ಳಾರಿ ಲೋಕಸಭಾ ಚುನಾವಣಿ ಮತ್ತ ಸ್ವಂತ ಖರ್ಚಿಗೆ ಹೋಗೈತಿ ಅಂತ ಇ.ಡಿ. ಆರೋಪ ಮಾಡೈತಿ. ಅದಿನ್ನೂ ಆರೋಪ. ಆದ್ರ ಹಗರಣ ಹೊರಗ ಬಂದಿದ್ದು ಯಾವ ಲೆಕ್ಕಪತ್ರದಿಂದಲೂ ಅಲ್ಲ, ಒಬ್ಬ ನೌಕರ ಜೀವ ಕಳಕೊಂಡ ಮ್ಯಾಲ. ನಮ್ಮ ರೊಕ್ಕದ ಲೆಕ್ಕ ನಾವು ಕೇಳಾಕ ಇನ್ನೂ ಎಷ್ಟು ಮಂದಿ ಸಾಯಬೇಕು?

"ಎಲ್ಲಾರೂ ಕಳ್ರೇ ಬಿಡ್ರಿ" ಅನ್ನೋ ನಮ್ಮ ಸಂಘಟನಿ ಗೆಳೆಯರೇ, ಆ ಮಾತು ಕೇಳಿ ಹೆಚ್ಚು ಖುಷಿ ಪಡೋದು ಎಲ್ಲಕ್ಕಿಂತ ದೊಡ್ಡ ಕಳ್ಳ. ಏಪ್ರಿಲ್ 14ರ ಫ್ಲೆಕ್ಸಿಗೆ, ಡಿಜೆಗೆ, ಊಟಕ್ಕ ಅವರ ಹತ್ರನೇ ಕೈ ಚಾಚಿ ಆಮ್ಯಾಲ ಅವರ ಲೆಕ್ಕ ಕೇಳಾಕ ನಮಗ ಬಾಯಿ ಎಲ್ಲಿಂದ ಬರಬೇಕು?

ನಮ್ಮ ಬೇಡಿಕೆ ಸರಳ. ಅಫಿಡವಿಟ್ಟು, ಖರ್ಚಿನ ಲೆಕ್ಕ ಎರಡೂ ಕನ್ನಡದಾಗ, ಓದಾಕ ಬರೋ ಅಕ್ಷರದಾಗ, ತಿಕೋಟಾ ಮತ್ತ ಬಬಲೇಶ್ವರ ತಹಶೀಲ್ದಾರ್ ಕಚೇರಿ ಮುಂದ, ಪ್ರತಿ ಗ್ರಾಮ ಪಂಚಾಯ್ತಿ ಬೋರ್ಡಿನ ಮ್ಯಾಲ ಹಚ್ಚಬೇಕು. ಮೀಸಲು ಕ್ಷೇತ್ರದ್ದಷ್ಟೇ ಅಲ್ಲ, ಬಬಲೇಶ್ವರ, ವಿಜಯಪುರ ನಗರದಂಥ ಸಾಮಾನ್ಯ ಕ್ಷೇತ್ರದ್ದೂ ಬೇಕು. ಅಲ್ಲೂ ನಮ್ಮ ವೋಟ್ ಬೇಕಲ್ಲ ಅವರಿಗೆ?

ಅವರು ಹಚ್ಚೋ ತನಕ ನಾವು ಕೂಡೋದು ಬ್ಯಾಡ. ಕಲ್ತ ಹುಡುಗ ಹುಡುಗ್ಯಾರು ಪ್ರಿಂಟ್ ತಗೀರಿ, ಕೇರಿ ಕಟ್ಟಿ ಮ್ಯಾಲ ಕೂತು ಹಿರಿಯರಿಗೆ ಜೋರಾಗಿ ಓದಿ ಹೇಳ್ರಿ. ಶಿಕ್ಷಣ, ಸಂಘಟನೆ, ಹೋರಾಟ. ಈ ಸಲ ಮೊದಲ ಪಾಠ ಅಫಿಡವಿಟ್ಟು.

ಜೈ ಭೀಮ್. ಜೈ ಸಂವಿಧಾನ.