ದೀಪಕ್ಕೊಂದು ಮರೆ

ಮಳೆಗಾಲ ಮುಗಿದು ಮಲೆನಾಡಿನ ಆಕಾಶ ತೆರೆದುಕೊಳ್ಳುವ ಅವಧಿ ದೀರ್ಘವಾದುದಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಈ ರಾತ್ರಿಗಳಿಗಾಗಿಯೇ ಹವ್ಯಾಸಿ ಖಗೋಳ ಛಾಯಾಗ್ರಾಹಕರು ವರ್ಷವಿಡೀ ಕಾಯುತ್ತಾರೆ. ಅವರ ಗುರಿ ಚಂದ್ರನಲ್ಲ, ಗ್ರಹಗಳೂ ಅಲ್ಲ. ಮಹಾವ್ಯಾಧನ ನೀಹಾರಿಕೆ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿ ಮೊದಲಾದ ಮಸುಕು ಕಾಯಗಳು.

ನಿಸರ್ಗ ಒಡ್ಡುವ ತೊಡಕುಗಳು ಇಲ್ಲಿ ಕಡಿಮೆಯೇನಿಲ್ಲ. ನಡುರಾತ್ರಿಯ ಹೊತ್ತಿಗೆ ಮಸೂರದ ಮೇಲೆ ಇಬ್ಬನಿ ಕೂರುತ್ತದೆ. ಗಂಟೆಗೆ 15 ಡಿಗ್ರಿ ಸರಿಯುವ ಆಕಾಶವನ್ನು ಹಿಂಬಾಲಿಸಬೇಕಾದರೆ ಉಪಕರಣದ ಅಕ್ಷ ಧ್ರುವದತ್ತ ನೆಟ್ಟಿರಬೇಕು. ಆದರೆ ಧ್ರುವನಕ್ಷತ್ರ ಈ ಸೀಮೆಯಲ್ಲಿ ದಿಗಂತದಿಂದ 13-14 ಡಿಗ್ರಿಯಷ್ಟೇ ಮೇಲಿರುವುದರಿಂದ ಎದುರಿನ ಗುಡ್ಡವೋ ಅಡಿಕೆ ತೋಟವೋ ಅದನ್ನು ನುಂಗಿರುತ್ತದೆ. ಇವೆಲ್ಲವನ್ನೂ ತಾಳ್ಮೆಯಿಂದ ಗೆಲ್ಲಬಹುದು. ಒಂದೇ ದೃಶ್ಯದ ನೂರು ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದರೆ ಅದರಲ್ಲಿನ ಕಲಬೆರಕೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ.

ತಾಳ್ಮೆಗೂ ಬಗ್ಗದಿರುವುದು ಮನುಷ್ಯನೇ ಹಚ್ಚಿದ ಬೆಳಕು. ಆಕಾಶದ ಹೊಳಪು ಎರಡು ಪಟ್ಟಾದರೆ ಅದೇ ಗುಣಮಟ್ಟದ ಚಿತ್ರಕ್ಕೆ ಎರಡು ಪಟ್ಟು ಸಮಯ ಬೇಕು. ಹಳೆಯ ಸೋಡಿಯಂ ದೀಪಗಳ ಹಳದಿ ಬೆಳಕು ಬಹುಪಾಲು 589 ನ್ಯಾನೋಮೀಟರ್ ಆಸುಪಾಸಿನಲ್ಲಿ ಇರುತ್ತಿದ್ದುದರಿಂದ ಅದನ್ನು ಶೋಧಕದಿಂದ ಸಾಕಷ್ಟು ತಡೆಯಬಹುದಿತ್ತು. 2015ರಲ್ಲಿ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಆರಂಭವಾದ ಮೇಲೆ ಊರೂರಿಗೆ ಬಂದ ಬಿಳಿ ಎಲ್ಇಡಿಗಳು ವಿದ್ಯುತ್ತನ್ನು ಉಳಿಸಿದವು, ಅದರಲ್ಲಿ ಸಂಶಯವಿಲ್ಲ. ಆದರೆ ಅವುಗಳ ಬೆಳಕು ವರ್ಣಪಟಲದುದ್ದಕ್ಕೂ ಹರಡಿಕೊಂಡಿದೆ. 656 ನ್ಯಾನೋಮೀಟರಿನ ಕೆಂಪಿನಲ್ಲಿ ಹೊಳೆಯುವ ಜಲಜನಕದ ನೀಹಾರಿಕೆಗಳನ್ನು ಕಿರಿದಾದ ಶೋಧಕದಿಂದ ಈಗಲೂ ಹೆಕ್ಕಬಹುದು. ಗೆಲಾಕ್ಸಿಗೆ ಆ ಭಾಗ್ಯವಿಲ್ಲ. ಅದರದು ಕೋಟ್ಯಂತರ ನಕ್ಷತ್ರಗಳ ಒಟ್ಟು ಬೆಳಕು. ಬೀದಿದೀಪದ್ದೆಂದು ತಡೆದರೆ ಅದೂ ತಡೆಯಲ್ಪಡುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ಗಣಕದಲ್ಲಿ ತೊಳೆದು ತೆಗೆದ ಚಿತ್ರ ಎಷ್ಟು ಸೊಗಸಾಗುತ್ತದೆಯೋ ಅಷ್ಟರಮಟ್ಟಿಗೆ ಅದು ನಷ್ಟವನ್ನು ಮುಚ್ಚಿಡುತ್ತದೆ. ಚಿತ್ರ ಬಂತಲ್ಲ, ಆಕಾಶಕ್ಕೇನಾಗಿದೆ ಎಂದು ನೋಡಿದವರು ಕೇಳುತ್ತಾರೆ. ಬರಿಗಣ್ಣಿನ ಲೆಕ್ಕ ಬೇರೆಯೇ ಇದೆ. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನರು ಮಾಡಿದ ನಕ್ಷತ್ರ ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಾತ್ರಿಯಾಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರಿದೆ. ಎಂಟು ವರ್ಷ ತುಂಬುವ ಮೊದಲೇ ಇಮ್ಮಡಿ! ಹವ್ಯಾಸಿಗಳು ಸಂಸ್ಕರಿಸಿದ ಚಿತ್ರದ ಪಕ್ಕದಲ್ಲಿ ಸಂಸ್ಕರಿಸದ ಒಂದನ್ನೂ, ಸ್ಥಳ ಮತ್ತು ದಿನಾಂಕ ಸಮೇತ, ವರ್ಷವರ್ಷವೂ ಕಾಯ್ದಿಟ್ಟರೆ ಅದು ಹವ್ಯಾಸವನ್ನು ಮೀರಿದ ದಾಖಲೆಯಾದೀತು. ಮಿಂಚುಹುಳು, ಪತಂಗ, ಬಾವಲಿಗಳು ಇಂಥ ದಾಖಲೆಯನ್ನು ಬರೆದಿಡಲಾರವು.

ಲಡಾಖಿನ ಹಾನ್ಲೆ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಎಂದು ಘೋಷಿಸಲಾಯಿತು. 4,500 ಮೀಟರ್ ಎತ್ತರದ ಆ ಒಣಹವೆ ಮಲೆನಾಡಿಗೆ ದಕ್ಕದು, ಆ ಮಟ್ಟದ ಹಂಬಲವೂ ಬೇಡ. ಇಲ್ಲಿ ಬೇಕಿರುವುದು ಬೀದಿದೀಪದ ಬೆಳಕು ನೆಲಕ್ಕಷ್ಟೇ ಬೀಳುವಂತೆ ಒಂದು ತಗಡಿನ ಮರೆ, ನೀಲಿಯಂಶ ಕಡಿಮೆಯಿರುವ ಬಲ್ಬು, ಮತ್ತು ರಾತ್ರಿ ಹತ್ತರ ನಂತರ ಗುಡ್ಡದ ನೆತ್ತಿಯ ರೆಸಾರ್ಟುಗಳು ಕಾಡಿನತ್ತ ತಿರುಗಿಸಿಟ್ಟ ಹೊನಲು ದೀಪಗಳನ್ನು ಆರಿಸುವ ಒಂದು ನಿಯಮ. ಬೀದಿದೀಪಗಳ ನಿರ್ವಹಣೆ ಪಂಚಾಯಿತಿಯದೇ ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿಯೇ ಇದನ್ನು ಎತ್ತಬಹುದು.