ಶಾಸನ ಜಾಲತಾಣಗಳು ಮತ್ತು ಕೂಟಕಡತದ ಸಮಸ್ಯೆ

ತಾಮ್ರಪಟವೊಂದು ತನ್ನ ಕಾಲವನ್ನು ತಾನೇ ಹೇಳಿಕೊಂಡ ಮಾತ್ರಕ್ಕೆ ಶಾಸನತಜ್ಞರು ಅದನ್ನು ಒಪ್ಪುವುದಿಲ್ಲ. ಲಿಪಿಯ ರೂಪ, ಭಾಷೆಯ ಅವಸ್ಥೆ, ತಿಥಿವಾರಗಳ ಹೊಂದಾಣಿಕೆ ಇವುಗಳನ್ನು ಪರೀಕ್ಷಿಸಿದ ಬಳಿಕವೇ ಅದು ಅಧಿಕೃತವೋ ಕೂಟಶಾಸನವೋ ಎಂಬ ತೀರ್ಮಾನಕ್ಕೆ ಬರುತ್ತಾರೆ. ಗಂಗರ ಹಲವು ತಾಮ್ರಪಟಗಳನ್ನು ಫ್ಲೀಟ್ ಕೂಟವೆಂದು ತಳ್ಳಿಹಾಕಿದ್ದು, ರೈಸ್ ಅದನ್ನು ಒಪ್ಪದಿದ್ದುದು ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ಪ್ರಸಿದ್ಧವಾದ ವಾಗ್ವಾದ. ಶಾಸನಗಳನ್ನು ಜಾಲತಾಣಕ್ಕೆ ಏರಿಸಲು ಹೊರಡುವ ಕನ್ನಡ ವಿಭಾಗಗಳು ಇದೇ ಎಚ್ಚರವನ್ನು ಅಲ್ಲಿಗೆ ಬಂದು ಸೇರುವ ಕಡತಗಳ ವಿಷಯದಲ್ಲಿಯೂ ತೋರಬೇಕಾಗಿದೆ.

ಹಾಸನ ಜಿಲ್ಲೆಯನ್ನೇ ಉದಾಹರಣೆಯಾಗಿ ಗಮನಿಸಬಹುದು. ಇಲ್ಲಿಯ ಶಾಸನಗಳನ್ನು ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟವಾಗಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಹಳೇಬೀಡನ್ನು ಒಳಗೊಂಡ ಬೇಲೂರು ತಾಲ್ಲೂಕಿಗೆ 9ನೆಯ, ಅರಸೀಕೆರೆಗೆ 10ನೆಯ ಸಂಪುಟ ಮೀಸಲಾಯಿತು. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿ ಅರಸೀಕೆರೆಯ ಈಶ್ವರ ದೇವಾಲಯದ ಬಳಿ ತೆಗೆದ ಛಾಯಾಚಿತ್ರವನ್ನು ನೇರವಾಗಿ ವಿಭಾಗದ ಜಾಲತಾಣಕ್ಕೆ ಅಪ್‌ಲೋಡ್ ಮಾಡುವಂತಿರಬೇಕೆಂಬ ಅಪೇಕ್ಷೆ ಸಹಜವಾದುದೇ. ಆದರೆ ಅಪಾಯದ ಬಾಗಿಲೂ ಅದೇ.

ಜಾಲತಾಣವು ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಮಾತ್ರ ನೋಡಿ ಅದನ್ನು ಚಿತ್ರವೆಂದು ನಂಬಿದರೆ, ಚಿತ್ರದ ವೇಷದಲ್ಲಿ ಪಿಎಚ್‌ಪಿ ಪ್ರೋಗ್ರಾಂ ಒಳಸೇರಬಲ್ಲದು. ಸರ್ವರ್ ಅದನ್ನು ಚಿತ್ರವಾಗಿ ತೋರಿಸುವ ಬದಲು ಆಜ್ಞೆಯಾಗಿ ಪಾಲಿಸಿದರೆ ಇಡೀ ತಾಣ ಪರಾಧೀನವಾಗುತ್ತದೆ. 2013ರಲ್ಲಿ ಜೂಮ್ಲಾ ವ್ಯವಸ್ಥೆಯಲ್ಲಿ ಕಂಡುಬಂದ ದೋಷ ಕುತೂಹಲಕರವಾದುದು: ಕಡತದ ಹೆಸರಿನ ಕೊನೆಗೆ ಒಂದು ಚುಕ್ಕೆ ಸೇರಿಸಿದರೆ ಸಾಕು, ನಿಷಿದ್ಧ ಕಡತವೂ ತಪಾಸಣೆಯನ್ನು ದಾಟುತ್ತಿತ್ತು. ಒಂದು ಬಿಂದುವಿನಿಂದ ಪಾಠ ಕೆಡುವುದನ್ನು ಬಲ್ಲ ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾಗಿಲ್ಲ. 2020ರಲ್ಲಿ ವರ್ಡ್‌ಪ್ರೆಸ್‌ನ ಫೈಲ್ ಮ್ಯಾನೇಜರ್ ಎಂಬ ಪೂರಕ ತಂತ್ರಾಂಶದಲ್ಲಿ ಪಾಸ್‌ವರ್ಡ್ ಇಲ್ಲದವರೂ ಕಡತ ಏರಿಸಬಹುದಾದ ದೋಷ ಹೊರಬಿತ್ತು. ಅದನ್ನು ಆಗ 7 ಲಕ್ಷಕ್ಕೂ ಹೆಚ್ಚು ತಾಣಗಳು ಬಳಸುತ್ತಿದ್ದವು.

ಹೀಗೆ ವಶವಾದ ತಾಣ ಜೂಜಿನ ಜಾಹೀರಾತು ತೋರಿಸಿದರೆ ಕೂಡಲೇ ಗೊತ್ತಾಗುತ್ತದೆ, ಸರಿಪಡಿಸಬಹುದು. ಶಾಸನಪಾಠದಲ್ಲಿ ಶಕವರ್ಷದ ಒಂದು ಅಂಕಿಯೋ ದತ್ತಿ ಪಡೆದವನ ಹೆಸರೋ ಸದ್ದಿಲ್ಲದೆ ಬದಲಾದರೆ ಗೊತ್ತಾಗುವುದು ಕಷ್ಟ. ಆ ಪಾಠವನ್ನು ಉಲ್ಲೇಖಿಸಿದ ಪ್ರಬಂಧಗಳ ಮೂಲಕ ತಪ್ಪು ಬೆಳೆಯುತ್ತ ಹೋಗುತ್ತದೆ. ಸಂಶೋಧನೆಗೆ ನಿಜವಾದ ಹಾನಿ ಇದು.

ಇದು ತಂತ್ರಜ್ಞರ ಹೊಣೆ, ಕನ್ನಡ ಅಧ್ಯಾಪಕರದಲ್ಲ ಎಂಬ ವಾದವುಂಟು. ಅದು ಅರ್ಧಸತ್ಯ. ಒಳಬಂದ ಚಿತ್ರವನ್ನು ಹೊಸದಾಗಿ ರೂಪಿಸಿ ಉಳಿಸಿದರೆ ಅದರಲ್ಲಿ ಅಡಗಿದ ಆಜ್ಞೆ ಬಹುಮಟ್ಟಿಗೆ ನಾಶವಾಗುತ್ತದೆ. ಆದರೆ ಚಿತ್ರ ತೆಗೆದ ದಿನಾಂಕ, ಸ್ಥಳಗಳ ಮಾಹಿತಿಯೂ ಅಳಿಸಿಹೋಗಬಹುದು. ತಂತ್ರಜ್ಞನಿಗೆ ಅದು ಅನಗತ್ಯ ಮಾಹಿತಿ, ಸಂಶೋಧಕನಿಗೆ ಆಧಾರ. ಇದಕ್ಕೆ ಪರಿಹಾರವನ್ನು ಶಾಸನಶಾಸ್ತ್ರವೇ ತೋರಿಸಿದೆ. ಕಲ್ಲು ಇದ್ದಲ್ಲಿಯೇ ಇರುತ್ತದೆ, ಓದುಗರ ಕೈಗೆ ಹೋಗುವುದು ಪಡಿಯಚ್ಚು. ಹಾಗೆಯೇ ಮೂಲ ಕಡತ ಜಾಲದಿಂದ ತಲುಪಲಾಗದ ಕಡೆ ಇರಲಿ, ಹೊಸದಾಗಿ ರೂಪಿಸಿದ ಪ್ರತಿ ಮಾತ್ರ ಪ್ರಕಟವಾಗಲಿ. ಅಪ್‌ಲೋಡ್ ಆದ ಕಡತಗಳ ಸ್ಥಳದಲ್ಲಿ ಯಾವ ಪ್ರೋಗ್ರಾಮೂ ನಡೆಯದಂತೆ ಸರ್ವರನ್ನು ಬಿಗಿಗೊಳಿಸಬೇಕು. ಒಪ್ಪಬೇಕಾದ ಕಡತಗಳ ಬಗೆಯನ್ನು ವಿಭಾಗವೇ ಮೊದಲು ಪಟ್ಟಿಮಾಡಿ, ಉಳಿದುದನ್ನೆಲ್ಲ ನಿರಾಕರಿಸಬೇಕು. ಪ್ರತಿಯೊಂದು ಪಾಠದ ಅಂಕೀಯ ಮುದ್ರೆಯನ್ನು ತಾಣದ ಹೊರಗೆ ಕಾಪಾಡಿದರೆ ಮುಂದೆ ಆಗುವ ತಿದ್ದುಪಡಿಯನ್ನು ಪತ್ತೆಹಚ್ಚಬಹುದು.

ಏರಿಸಿದವರ ಹೆಸರೂ ದಾಖಲಾಗಬೇಕು. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿಟ್ಟಿದ್ದಾರೆ. ಅದರಿಂದಲೇ ಆ ಕೃತಿಗಳ ಕರ್ತೃತ್ವ ಇಂದು ನಿರ್ವಿವಾದ. ಕೂಟಶಾಸನವನ್ನು ಗುರುತಿಸುವ ವಿಧಾನವನ್ನು ಪಠ್ಯದಲ್ಲಿ ಬೋಧಿಸುವ ವಿಭಾಗ, ಕೂಟಕಡತವನ್ನು ತಡೆಯುವ ಕ್ರಮವನ್ನೂ ತನ್ನ ಸಂಪಾದನಾ ನಿಯಮಗಳಲ್ಲಿ ಸೇರಿಸಿಕೊಳ್ಳುವುದು ಅಗತ್ಯ.