ಕಚೇರಿಯ ಕಣ್ಣು ಮತ್ತು ಕಿವಿ

ಸಂಗೀತವು ಹುಟ್ಟಿದ ಕ್ಷಣದಲ್ಲಿಯೇ ಅಳಿಯತಕ್ಕ ಕಲೆ. ಶಿಲ್ಪಿ ಕಡೆದ ವಿಗ್ರಹ ಅವನ ತರುವಾಯವೂ ನಿಲ್ಲುತ್ತದೆ. ಕವಿಯ ಕಾವ್ಯ ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿಯುತ್ತದೆ. ಗಾಯಕನ ಆಲಾಪವಾದರೋ ತಂಬೂರಿಯ ನಾದ ನಿಲ್ಲುವುದರೊಡನೆ ಗಾಳಿಯಲ್ಲಿ ಲೀನವಾಗುತ್ತದೆ. ಈ ಅಳಿವಿಗೆ ಯಂತ್ರವು ಒಂದಿಷ್ಟು ಅಡ್ಡ ಬಂದಿದೆ. ದಶಕಗಳ ಹಿಂದೆ ನಡೆದ ಕಚೇರಿಗಳು ಇಂದು ವಿಡಿಯೋ ಮುದ್ರಿಕೆಗಳಾಗಿ ಹೊರಬರುತ್ತಿವೆ. ಕೊಟ್ಟೂರಿನಂಥ ಊರಿನ ಒಂದು ಪಡಸಾಲೆಯಲ್ಲಿ ನಾಲ್ವರು ಕೂಡಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವುದಷ್ಟೇ ಅಲ್ಲ, ನೋಡುವುದೂ ಈಗ ಸುಲಭಸಾಧ್ಯ.

ರಸಿಕರು ಕೂಡಿದಲ್ಲಿ ವಾದವೂ ಹುಟ್ಟದಿರದು. ಇನ್ನು ಮುಂದೆ ಇಂಥವರು ಹುಟ್ಟುವುದಿಲ್ಲವೆಂದು ಹಿರಿಯರೊಬ್ಬರು ನಿಟ್ಟುಸಿರು ಬಿಡುತ್ತಾರೆ. ಮೊದಲ ಹತ್ತು ನಿಮಿಷ ಬರಿಯ ಶ್ರುತಿ ಮಾಡುವುದೇ ಆಯಿತು, ಅದನ್ನು ದಾಟಿಸಿ ಮುಂದೆ ಹೋಗೋಣವೆಂದು ಕಾಲೇಜಿನ ತರುಣನು ಆತುರಪಡುತ್ತಾನೆ. ಗಾಯಕರ ಮುಖ ತೋರಿಸಬೇಕಾದ ಹೊತ್ತಿನಲ್ಲಿ ಕ್ಯಾಮರಾ ತಬಲದ ಕಡೆಗೋ ಸಭಿಕರ ಕಡೆಗೋ ಹೊರಳಿತೆಂದು ಮೂರನೆಯವರು ಮುನಿಯುತ್ತಾರೆ. ಮೇಲ್ನೋಟಕ್ಕೆ ಇವು ಕಾಲಹರಣದ ಮಾತುಗಳು. ಆದರೆ ಹಳೆಯ ಕಚೇರಿಯೊಂದನ್ನು ನಾವು ಏತಕ್ಕಾಗಿ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಈ ಮೂರು ಮಾತುಗಳ ಒಳಗೇ ಅಡಗಿದೆ.

ಇದು ನಮ್ಮೊಬ್ಬರ ಜಗಳವಲ್ಲ. ಅಮೆರಿಕದಲ್ಲಿ ಆಫ್ರಿಕನ್ ಮೂಲದ ಜನರ ನೋವು ನಲಿವುಗಳಿಂದ ರೂಪುಗೊಂಡ ಜಾಝ್ ಸಂಗೀತದ ಅಭಿಮಾನಿಗಳು ಇದೇ ವಾದವನ್ನು ಬಹುಕಾಲದಿಂದ ನಡೆಸಿದ್ದಾರೆ. ಜಾಝಿಗೂ ನಮ್ಮ ಖ್ಯಾಲಿಗೂ ಶಾಸ್ತ್ರ ಬೇರೆ, ನಾದದ ಬಣ್ಣ ಬೇರೆ. ಆದರೆ ಮನೋಧರ್ಮ ಎರಡಕ್ಕೂ ಪ್ರಾಣ. ನಿನ್ನೆ ನುಡಿಸಿದಂತೆ ಇಂದು ನುಡಿಸುವುದಿಲ್ಲ. ಆದುದರಿಂದಲೇ ಅಲ್ಲಿಯೂ ಸಜೀವ ಕಚೇರಿಯ ಮುದ್ರಿಕೆಗೆ ಸ್ಟುಡಿಯೋದ ಮುದ್ರಿಕೆಗಿಲ್ಲದ ಬೆಲೆಯಿದೆ.

1958ರ ಬೇಸಗೆಯಲ್ಲಿ ನ್ಯೂಪೋರ್ಟಿನ ಜಾಝ್ ಉತ್ಸವವನ್ನು ಬರ್ಟ್ ಸ್ಟರ್ನ್ ಎಂಬ ಛಾಯಾಗ್ರಾಹಕನು ಚಿತ್ರೀಕರಿಸಿದನು. ಆ ಚಿತ್ರದಲ್ಲಿ ಥೆಲೋನಿಯಸ್ ಮಂಕ್ ಪಿಯಾನೋ ನುಡಿಸುತ್ತಿರುವಾಗ ಕ್ಯಾಮರಾ ಅವನನ್ನು ಬಿಟ್ಟು ಸಮುದ್ರದ ಮೇಲಿನ ಹಾಯಿದೋಣಿಗಳ ಕಡೆಗೆ ಹೋಗುತ್ತದೆ. ರಸಿಕರಲ್ಲಿ ಹಲವರು ಇದನ್ನು ಇಂದಿಗೂ ಕ್ಷಮಿಸಿಲ್ಲ. ಅದೇ ಚಿತ್ರ ಸಭಿಕರ ಮುಖಗಳನ್ನು ಮನಸಾರೆ ತೋರಿಸುತ್ತದೆ. ಆ ದಿನದ ಬಿಸಿಲು, ಆ ಜನರ ಉಲ್ಲಾಸ ನಮಗೆ ದಕ್ಕಿರುವುದು ಅದರಿಂದಲೇ ಎಂದು ಮತ್ತೆ ಕೆಲವರು ಹೇಳುತ್ತಾರೆ.

ಇದಕ್ಕೂ ಹಿಂದಿನ ವರ್ಷ, 1957ರ ಡಿಸೆಂಬರ್ 8ರಂದು, ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ಜಾಝ್ ಕಲಾವಿದರ ಗೋಷ್ಠಿಯೊಂದನ್ನು ನೇರವಾಗಿ ಪ್ರಸಾರ ಮಾಡಿತು. ಅದರಲ್ಲಿ ಬಿಲಿ ಹಾಲಿಡೇ ಹಾಡಿದಳು. ಅವಳ ಹಳೆಯ ಸಂಗಾತಿ ಲೆಸ್ಟರ್ ಯಂಗ್ ಸ್ಯಾಕ್ಸೊಫೋನ್ ನುಡಿಸಿದನು. ಅವನ ಸರದಿ ಚಿಕ್ಕದು. ಆದರೆ ಅವನು ನುಡಿಸುವಾಗ ಕ್ಯಾಮರಾ ಅವಳ ಮುಖದ ಮೇಲೆ ನೆಲೆಸುತ್ತದೆ. ಅವಳು ತಲೆದೂಗುತ್ತ, ಮುಗುಳ್ನಗುತ್ತ ಕೇಳುತ್ತಾಳೆ. ಇಬ್ಬರೂ 1959ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಆ ಸ್ವರಗಳನ್ನು ತಟ್ಟೆಯೊಂದು ಹಿಡಿದಿಟ್ಟೀತು. ಆ ಕೇಳುವಿಕೆಯನ್ನು ಹಿಡಿದಿಡಲು ಕಣ್ಣೇ ಬೇಕಾಯಿತು.

ನಮ್ಮ ವಾದದ ತಿರುಳು ಇಲ್ಲಿದೆ. ಕಚೇರಿ ಎಂದರೆ ಹಾಡುವವನೊಬ್ಬನದಲ್ಲ, ಕೇಳುವವರದೂ ಹೌದು. ಮನ್ಸೂರರ (1910–1992) ಕಚೇರಿಗಳಲ್ಲಿ ಅವರ ಹಿಂದೆ ಕುಳಿತು ದನಿಗೂಡಿಸುತ್ತಿದ್ದವರು ಮಗ ರಾಜಶೇಖರ ಮನ್ಸೂರರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರೂ 2022ರಲ್ಲಿ ನಮ್ಮನ್ನಗಲಿದರು. ಅಪರೂಪದ ರಾಗವೊಂದರ ತಿರುವಿನಲ್ಲಿ ತಂದೆ ಎಲ್ಲಿ ನಿಲ್ಲಿಸುತ್ತಾರೆ, ಮಗ ಎಲ್ಲಿಂದ ಎತ್ತಿಕೊಳ್ಳುತ್ತಾನೆ, ತಬಲದವನು ಸಮಕ್ಕಾಗಿ ಹೇಗೆ ಕಾಯುತ್ತಾನೆ, ಮುಂದಿನ ಸಾಲಿನ ಮುದುಕರೊಬ್ಬರ ಕೈ ತಮಗೆ ತಿಳಿಯದೆಯೇ ಹೇಗೆ ಮೇಲೇಳುತ್ತದೆ, ಇವೆಲ್ಲ ಸಂಗೀತದ ಹೊರಗಿನ ಸಂಗತಿಗಳಲ್ಲ. ವಿದ್ಯಾರ್ಥಿಯು ಸ್ವರವನ್ನು ಗುರುವಿನಿಂದ ಕಲಿತಾನು. ಕೇಳುವುದನ್ನು ಕೇಳುವವರಿಂದಲೇ ಕಲಿಯಬೇಕು. ತರುಣನು ದಾಟಿಸಬೇಕೆಂದ ಆ ಹತ್ತು ನಿಮಿಷಗಳಲ್ಲಿಯೇ ಗಾಯಕನೂ ಸಭೆಯೂ ಒಂದು ಶ್ರುತಿಗೆ ಬರುತ್ತವೆ.

ಕತ್ತರಿಸಿದ ಸಂಗೀತದಿಂದ ಆಗುವ ನಷ್ಟವನ್ನು ನಾವು ಬಲ್ಲೆವು. 78ರ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷಗಳ ಅವಕಾಶ. ಕುಂದಗೋಳದ ಸವಾಯಿ ಗಂಧರ್ವರು (1886–1952) ರಾತ್ರಿಯಿಡೀ ಹರಡಬಲ್ಲ ರಾಗವನ್ನು ಆ ಸೇರಿನಲ್ಲಿ ಅಳೆದು ಕೊಡಬೇಕಾಯಿತು. ಅದಕ್ಕೂ ನಾವು ಋಣಿಗಳೇ. ಅದೂ ಇರದಿದ್ದರೆ ಅವರ ಕಂಠದ ಕಲ್ಪನೆಯೇ ನಮಗಿರುತ್ತಿರಲಿಲ್ಲ. ಆದರೆ ಇಂದು ಯಂತ್ರಕ್ಕೆ ಆ ಬಡತನವಿಲ್ಲ. ಕೆಮ್ಮನ್ನು ಅಳಿಸಿ, ಶ್ರುತಿ ಮಾಡುವುದನ್ನು ಕಿತ್ತು, ಚಪ್ಪಾಳೆ ಬೀಳುವ ತಾನುಗಳನ್ನಷ್ಟೇ ಪೋಣಿಸಿ ಪ್ರಕಟಿಸುವವರು ತಾವಾಗಿಯೇ ಆ ಬಡತನವನ್ನು ಬರಮಾಡಿಕೊಳ್ಳುತ್ತಿದ್ದಾರೆ.

ಹಿರಿಯರ ನಿಟ್ಟುಸಿರಿಗೂ ಒಂದು ಉತ್ತರ ಸಲ್ಲಬೇಕು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. ಆಗ ಮನ್ಸೂರರಿಗೆ ಎಪ್ಪತ್ತು ತುಂಬಿತ್ತು. ಗಂಗೂಬಾಯಿ ಹಾನಗಲ್ಲರಿಗೆ (1913–2009) ಅರವತ್ತೆಂಟು. ನಾವು ಕಣ್ಣಾರೆ ಕಾಣುವ ಚಿತ್ರ ಬಹುಮಟ್ಟಿಗೆ ಅವರ ಮುಪ್ಪಿನದು. ಗಂಗೂಬಾಯಿಯವರ ಎಳೆಯ ವಯಸ್ಸಿನ ತಟ್ಟೆಗಳನ್ನು ಕೇಳಿದವರು ಆ ತೆಳುವಾದ ಏರುದನಿಯೂ ಮುಂದಿನ ಗಂಭೀರ ಕಂಠವೂ ಒಬ್ಬರವೇ ಎಂದು ಬೆರಗಾಗುತ್ತಾರೆ. ಮನ್ಸೂರರೂ ಮೊದಲು ನೀಲಕಂಠ ಬುವಾ ಅವರಲ್ಲಿ ಕಲಿತು, ಹೆಸರು ಪಡೆದ ಮೇಲೆಯೂ ಮಂಜಿಖಾನರಿಗೆ, ಬಳಿಕ ಭೂರ್ಜಿಖಾನರಿಗೆ ಶಿಷ್ಯರಾಗಿ ಮತ್ತೆ ಅಭ್ಯಾಸಕ್ಕೆ ಕುಳಿತವರು. ಒಂದು ಸಂಜೆಯ ಮುದ್ರಿಕೆ ಒಂದು ಸಂಜೆಯ ಸಾಕ್ಷಿ ಮಾತ್ರ. ಇಂದಿನ ಎಳೆಯರನ್ನು ಹೀಗಳೆಯಲು ಅದನ್ನು ಕೋಲಾಗಿ ಹಿಡಿಯುವುದು ಆ ಹಿರಿಯ ಜೀವಗಳಿಗೂ ಗೌರವವಲ್ಲ.

ನಮ್ಮ ಸೀಮೆಗೆ ಈ ವಿಚಾರ ಇನ್ನೂ ಹತ್ತಿರದ್ದು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಜಾತ್ರೆಯ ಇರುಳುಗಳಲ್ಲಿ ಬಯಲಾಟ, ನಾಟಕ, ಭಜನೆ, ಗಾಯನಗಳಿಗೆ ಕೊರತೆಯಿರಲಿಲ್ಲ. ದರೋಜಿ ಈರಮ್ಮನವರು ಓದುಬರಹವಿಲ್ಲದೆ ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡಿ 2014ರಲ್ಲಿ ಕಣ್ಮರೆಯಾದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆ 2020ರಲ್ಲಿ ನಿಂತಿತು. ಅಚ್ಚಿನ ಪುಸ್ತಕ ಇಂಥವರ ಮಾತನ್ನು ಉಳಿಸೀತು. ದನಿಯ ಏರಿಳಿತವನ್ನೂ ಹಿಮ್ಮೇಳದವರತ್ತ ತಿರುಗಿದ ಕಣ್ಣನ್ನೂ ಉಳಿಸಲಾರದು. ದೊಡ್ಡ ಹೆಸರಿನವರ ಕಚೇರಿಗಳನ್ನು ಯಾರಾದರೂ ಪ್ರಕಟಿಸಿಯಾರು. ಜಾತ್ರೆಯ ಹಾಡುಗಾರನನ್ನು ಉಳಿಸುವವರು ನಾವೇ.

ಇದಕ್ಕೆ ಹೊತ್ತು ಹೆಚ್ಚಿಲ್ಲ. ಮನೆಗಳ ಟ್ರಂಕುಗಳಲ್ಲಿ ಮಲಗಿರುವ ಕ್ಯಾಸೆಟ್ಟುಗಳೂ ವಿಡಿಯೋ ಟೇಪುಗಳೂ ಚಿರಂಜೀವಿಗಳಲ್ಲ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಯಸ್ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಸಡಿಲಿ ಸುರುಳಿಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಒಮ್ಮೆ ಅವಸರದಿಂದ ಓಡಿಸಿದರೆ ಹಾಡು ಪುಡಿಯಾಗಿ ಉದುರುತ್ತದೆ. ಬಿ.ಬಿ.ಸಿ.ಯಂಥ ಸಂಸ್ಥೆಯೇ 1960–70ರ ದಶಕಗಳಲ್ಲಿ ಟೇಪು ದುಬಾರಿಯೆಂದು ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಮತ್ತೆ ಬಳಸಿತು. ಆಮೇಲೆ ಅವುಗಳಿಗಾಗಿ ಲೋಕವನ್ನೆಲ್ಲ ಹುಡುಕಿತು. ಶ್ರೀಮಂತರ ಈ ತಪ್ಪಿನಿಂದ ಬಡವರಾದ ನಾವು ಪಾಠ ಕಲಿಯಬಹುದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲಿಯೇ ಇದೆ. ಶಾಲೆ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳ ನೆರವಿನಿಂದ ತಮ್ಮ ಊರಿನಲ್ಲಿ ಯಾರ ಬಳಿ ಯಾವ ಮುದ್ರಿಕೆಯಿದೆಯೆಂದು ಪಟ್ಟಿ ಮಾಡಲಿ. ಹಾಡಿದವರು, ಪಕ್ಕವಾದ್ಯದವರು, ಸ್ಥಳ, ವರ್ಷ, ಇವನ್ನು ಬಲ್ಲ ಹಿರಿಯರಿರುವಾಗಲೇ ಬರೆದಿಡಲಿ. ವಿಶ್ವವಿದ್ಯಾಲಯವು ಅವನ್ನು ಹೊಸ ಯಂತ್ರಕ್ಕೆ ಇಳಿಸಿ ಕಾಪಿಡಲಿ. ಪ್ರಕಟಿಸುವ ಮುನ್ನ ಕಲಾವಿದರ ಇಲ್ಲವೆ ಅವರ ಮನೆಯವರ ಒಪ್ಪಿಗೆಯನ್ನೂ ಕೇಳಬೇಕು. 1994ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯದ ಕಾನೂನು ಕಲಾವಿದರ ಪ್ರದರ್ಶನಕ್ಕೂ ಹಕ್ಕನ್ನು ಕೊಟ್ಟಿತು. 1999ರಲ್ಲಿ ಅದರ ಅವಧಿ 50 ವರ್ಷಕ್ಕೇರಿತು. ಅಭಿಮಾನವು ಹಕ್ಕಿನ ಬದಲಾಗಲಾರದು.

ಪಡಸಾಲೆಯ ವಾದ ಮುಂದುವರಿಯಲಿ. ಹಿರಿಯರು ತಾವು ಕಂಡುದನ್ನು ಹೇಳಲಿ, ತರುಣರು ಪ್ರಶ್ನೆ ಕೇಳಲಿ. ಆದರೆ ಅದಕ್ಕೆ ಮೊದಲು ಒಮ್ಮೆ ಎಲ್ಲರೂ ಸುಮ್ಮನೆ ಕುಳಿತು, ಯಾವುದನ್ನೂ ದಾಟಿಸದೆ, ತಂಬೂರಿಯ ಮೊದಲ ಮೀಟಿನಿಂದ ಕೊನೆಯ ನಮಸ್ಕಾರದವರೆಗೆ ಕಚೇರಿಯನ್ನು ಕೇಳಲಿ.